ಕೀ ಓನರ್ ಹತ್ರ ಇದ್ರೂ ಬಾಗಿಲು ನಿಮ್ದೇ

ಅಮೆರಿಕದಲ್ಲಿ ಬಾಡಿಗೆ ಮನೆಲಿರೋ ನಮ್ಮೋರಿಂದ ತಿಂಗಳಿಂದ ಇದೇ ಪ್ರಶ್ನೆ, ಐಸ್‌ನವರು (ICE, ವಲಸಿಗರನ್ನ ಹಿಡಿದು ವಾಪಸ್ ಕಳ್ಸೋ ಇಲಾಖೆ) ಮನೆಗೆ ಬಂದ್ರೆ ಏನ್ಮಾಡೋದು ಅಂತ. ಐದಾರು ಸಲ ಉತ್ತರ ಕೊಟ್ಟು ಸಾಕಾಗಿದೆ, ಈ ಸಲ ಪೂರ್ತಿ ಬರೀತೀನಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಮೂರು ಜನ ಸೇರಿ ಅಪಾರ್ಟ್‌ಮೆಂಟ್ ತಗೊಂಡಿದೀವಿ. ನಾನು ಎಚ್-1ಬಿ ಕೆಲಸದ ವೀಸಾ, ವರ್ಕ್ ಫ್ರಮ್ ಹೋಮ್. ಓನರ್ ಕಡೆಯ ಲೀಸಿಂಗ್ ಆಫೀಸಲ್ಲಿ ಮಾಸ್ಟರ್ ಕೀ ಇದೆ. ಐಸ್ ಬಂದ್ರೆ ಅವರು ಬಾಗಿಲು ತೆಗೆದುಕೊಡಬಹುದಾ?

ಇಲ್ಲ. ಅವರ ಹತ್ರ ಕೀ ಇರೋದು ನಲ್ಲಿ ಸೋರಿದ್ರೆ ಸರಿ ಮಾಡ್ಸೋಕೆ, ನಿಮ್ಮ ಪರವಾಗಿ "ಬನ್ನಿ" ಅನ್ನೋಕಲ್ಲ. 1961ರಲ್ಲೇ ಸುಪ್ರೀಂ ಕೋರ್ಟ್ ಚಾಪ್‌ಮನ್ ಕೇಸಲ್ಲಿ ಇದನ್ನ ಹೇಳಿದೆ. ಜಾರ್ಜಿಯಾದ ಸವಾನಾ ಹತ್ರ ಓನರ್ ಒಬ್ಬ ಬಾಡಿಗೆದಾರನ್ನ ಚರ್ಚಿಗೆ ಕರೆಯೋಕೆ ಅಂತ ಹೋದ, ಕಳ್ಳಬಟ್ಟಿ ವಾಸನೆ ಬಂತು, ಪೊಲೀಸರನ್ನ ಕರೆದ, ಅವರು ವಾರಂಟ್ ಇಲ್ದೆ ಓನರ್ ಮಾತಿನ ಮೇಲೆ ಕಿಟಕಿಯಿಂದ ಒಳಗಿಳಿದ್ರು. ಒಳಗೆ ನಿಜಕ್ಕೂ ಭಟ್ಟಿ ಇತ್ತು! ಆದ್ರೂ ಓನರ್ ಒಪ್ಪಿಗೆ ನಡೆಯಲ್ಲ ಅಂತು ಕೋರ್ಟು.

ಲಾಬಿ, ಪಾರ್ಕಿಂಗ್ ಬೇರೆ ವಿಷಯ, ಅಲ್ಲಿಗೆ ಮ್ಯಾನೇಜರ್ ಬಿಟ್ಕೊಬಹುದು. ನಂಗೆ ಓನರ್‌ಗಿಂತ ನಿಮ್ಮ ರೂಮ್‌ಮೇಟ್ ಭಯ ಜಾಸ್ತಿ. ಯೂನಿಫಾರ್ಮ್ ಕಂಡ ತಕ್ಷಣ "ಬನ್ನಿ ಸಾರ್ ಕೂತ್ಕೊಳ್ಳಿ" ಅನ್ನೋ ಚಾಳಿ ನಮ್ಮೋರಿಗೆ, ಹಾಗಂದ್ರೆ ಹಾಲ್, ಅಡುಗೆಮನೆ ಎಲ್ಲಾ ತೆರೆದಿಟ್ಟಂಗೆ. ನೀವು ಅಲ್ಲೇ ನಿಂತು ಬೇಡ ಅಂದ್ರೆ ನಿಮ್ಮ ಮಟ್ಟಿಗೆ ಅವನ ಹೂಂ ನಡೆಯಲ್ಲ, ಅದು 2006ರ ರಾಂಡಾಲ್ಫ್ ಕೇಸು. ಆದ್ರೆ ರೂಮಲ್ಲಿ ಮಲಗಿದ್ರೆ ನಿಮ್ಮನ್ನ ಎಬ್ಬಿಸಿ ಕೇಳ್ಬೇಕು ಅಂತೇನಿಲ್ಲ. ಹಾಗಾಗಿ ಇವತ್ತೇ ಮೂರೂ ಜನ ಕೂತು ಮಾತಾಡ್ಕೊಳ್ಳಿ.

ಬಾಗಿಲು ತೆಗೀದೆ ಪೇಪರ್ ಕೇಳಿ, ಕಿಟಕಿಗೆ ಹಿಡೀಲಿ ಇಲ್ಲಾ ಸಂದಿಲಿ ತಳ್ಳಲಿ. ಮೇಲೆ ಕೋರ್ಟಿನ ಹೆಸರು, ಕೆಳಗೆ ಜಡ್ಜ್ ಸಹಿ, ನಿಮ್ಮ ಅಡ್ರೆಸ್ ಸರಿಯಾಗಿದ್ರೆ ಒಳಗೆ ಬರೋ ಹಕ್ಕು ಅವರಿಗಿದೆ. ಐ-200, ಐ-205 ಅಂತ ಫಾರ್ಮ್ ನಂಬರ್ ಇದ್ರೆ ಅದು ಇಮಿಗ್ರೇಶನ್ ಇಲಾಖೆ ಆಫೀಸರ್ರೇ ಸಹಿ ಹಾಕಿರೋದು, "ವಾರಂಟ್" ಅಂತ ದಪ್ಪಕ್ಷರದಲ್ಲಿ ಇದ್ರೂ ನೀವು ಒಪ್ಪದೆ ಮನೆಯೊಳಗೆ ಬರೋಕೆ ಅದು ಸಾಲದು ಅನ್ನೋದೇ ಇಷ್ಟು ವರ್ಷದ ಕಾನೂನು. ಫೈನಲ್ ಡಿಪೋರ್ಟೇಶನ್ ಆರ್ಡರ್ (ದೇಶ ಬಿಡಿಸೋ ಅಂತಿಮ ಆದೇಶ) ಇರೋರಿಗೆ ಐ-205 ಸಾಕು ಅಂತ ಈಚೆಗೆ ಐಸ್ ವಾದ ಮಾಡ್ತಿದೆ, ಕೋರ್ಟಲ್ಲಿ ಜಗಳ ನಡೀತಿದೆ, ಅಂಥ ಆರ್ಡರ್ ಇರೋರು ಈ ಅಂಕಣ ಓದ್ತಾ ಕೂರಬೇಡಿ, ಲಾಯರ್ ಹತ್ರ ಓಡಿ. ಬಾಗಿಲು ಒಡೆದೇ ಬಂದ್ರೆ ಅಡ್ಡ ನಿಲ್ಲಬೇಡಿ, "ನನ್ನ ಒಪ್ಪಿಗೆ ಇಲ್ಲ" ಅಂತ ಇಂಗ್ಲಿಷಲ್ಲಿ ಜೋರಾಗಿ ಹೇಳಿ ಪಕ್ಕಕ್ಕೆ ಸರೀರಿ.

ಇನ್ನೊಂದು, ಇದನ್ನ ಯಾರೂ ಹೇಳಲ್ಲ. ನೀವು ಮನೆಯಿಂದ ಕೆಲಸ ಮಾಡ್ತೀರ ಅಂದ್ರೆ ಎಚ್-1ಬಿ ತಪಾಸಣೆಗೆ ಯುಎಸ್‌ಸಿಐಎಸ್‌ನವರು (ವೀಸಾ, ಗ್ರೀನ್ ಕಾರ್ಡ್ ಅರ್ಜಿ ನೋಡೋ ಇಲಾಖೆ) ಮನೆಗೇ ಬರಬಹುದು. ಅವರು ಐಸ್ ಅಲ್ಲ. 2025ರ ಜನವರಿ 17ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ತಪಾಸಣೆಗೆ ಸಹಕರಿಸದಿದ್ರೆ ಕಂಪನಿ ನಿಮ್ಮ ವೀಸಾಗೆ ಹಾಕಿರೋ ಪಿಟಿಷನ್ನೇ ರದ್ದಾಗಬಹುದು. ಯಾವ ಇಲಾಖೆ ಅಂತ ಕೇಳಿ, ಐಡಿ ನೋಡಿ, ಅಲ್ಲಿಂದಲೇ ಕಂಪನಿ ಲಾಯರ್‌ಗೆ ಫೋನ್ ಹಚ್ಚಿ.

ಪ್ರಶ್ನೆ: ಡೆಪಾಸಿಟ್ ಜಗಳಕ್ಕೆ ಓನರ್ "ಐಸ್‌ಗೆ ಹೇಳ್ತೀನಿ" ಅಂತ ಮೆಸೇಜ್ ಹಾಕ್ತಿದಾನೆ.

ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಇದು ಕಾನೂನುಬಾಹಿರ. ನಿಮ್ಮನ್ನ ಓಡ್ಸೋಕೆ ಅಂತ ನಿಜಕ್ಕೂ ಹೇಳಿದ್ರೆ 6ರಿಂದ 12 ತಿಂಗಳ ಬಾಡಿಗೆಯಷ್ಟು ದಂಡ ಅವನೇ ಕಟ್ಬೇಕಾಗತ್ತೆ. ಸ್ಕ್ರೀನ್‌ಶಾಟ್ ತೆಗೀರಿ, ರಿಪ್ಲೈ ಮಾಡಬೇಡಿ.

ಪ್ರಶ್ನೆ: ಮನೆ ಬದಲಾಯಿಸಿದ್ದನ್ನ ಸರ್ಕಾರಕ್ಕೆ ತಿಳಿಸದಿದ್ರೆ ಸೇಫ್ ಅಂತೆ?

ಯಾವ ವಾಟ್ಸಾಪ್ ಪಂಡಿತ ಹೇಳಿದ್ದು? 10 ದಿನದೊಳಗೆ ವಿಳಾಸ ಬದಲಾವಣೆಯ ಫಾರ್ಮ್ ಎಆರ್-11 ಹಾಕ್ಬೇಕು. ಮುಚ್ಚಿಟ್ರೆ ಅದೇ ಅಪರಾಧ.

ಪ್ರಶ್ನೆ: ಸಿಟಿಜನ್ ಅಂದ್ಬಿಟ್ರೆ ಹೋಗ್ತಾರಂತೆ?

ಸುಮ್ನಿರೋದು ಹಕ್ಕು, ಸುಳ್ಳು ಹೇಳೋದಲ್ಲ. ಈ ಒಂದು ಸುಳ್ಳಿಗೆ ಗ್ರೀನ್ ಕಾರ್ಡ್ ಆಸೆ ಜೀವನಪೂರ್ತಿ ಬಿಟ್ಟಂಗೆ.

ಪ್ರಶ್ನೆ: ಆಫೀಸರ್ ಅಂತ ಫೋನ್ ಮಾಡಿ ಗಿಫ್ಟ್ ಕಾರ್ಡ್ ಕೇಳ್ತಿದಾರೆ.

ಕಟ್ ಮಾಡಿ.

ಪ್ರಶ್ನೆ: ಊರಿಂದ ಅಪ್ಪ ಅಮ್ಮ ಬಂದಿದಾರೆ, ಇಂಗ್ಲಿಷ್ ಬರಲ್ಲ, ಹಗಲೆಲ್ಲ ಇಬ್ರೇ ಇರ್ತಾರೆ.

"ಬಾಗಿಲು ತೆಗೀಬೇಡಿ, ನಂಗೆ ಫೋನ್ ಮಾಡಿ" ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದು ಚಿಲಕದ ಪಕ್ಕ ಅಂಟಿಸಿ. ನಮ್ಮಮ್ಮ ಬಂದಾಗ ನಾನೂ ಅಂಟಿಸಿದ್ದೆ, ಆದ್ರೆ ಅಂಟಿಸಿದ್ದು ಸೋಲಾರ್ ಮಾರೋಕೆ ಬಂದ ಹುಡುಗನ್ನ ಸೋಫಾ ಮೇಲೆ ಕೂರಿಸಿ ಚಕ್ಕುಲಿ ಕೊಟ್ಟ ಮೇಲೆ.