ಬಾಯಿ ಜೋರಿದ್ದವರಿಗೆ ಮೊದಲು, ಮನೆ ಬಾಡಿಗೆ ಕೊನೆಗೆ

ನನ್ನ ಹತ್ತಿರ ಸಲಹೆಗೆ ಬಂದ ಗಂಡ-ಹೆಂಡತಿಯ ಕಥೆ ಇದು. ಹೆಸರು, ಕೆಲಸ, ಬೀದಿ ಎಲ್ಲ ಬದಲಿಸಿದ್ದೇನೆ. ಬರೆಯೋಕೆ ಇಬ್ಬರ ಒಪ್ಪಿಗೆಯೂ ಇದೆ. ರತ್ನಾ ಮತ್ತು ಮಂಜು ಅಂತ ಇಟ್ಟುಕೊಳ್ಳೋಣ. ಮೈಸೂರಿನಲ್ಲಿ ಬಾಡಿಗೆ ಮನೆ, ಇಬ್ಬರು ಮಕ್ಕಳು. ಮಂಜುಗೆ ಗೋಡೌನಿನಲ್ಲಿ 21,000 ಸಂಬಳ. ರತ್ನಾ ಮನೆಯಲ್ಲೇ ಬ್ಲೌಸ್ ಹೊಲಿದು ತಿಂಗಳಿಗೆ ಆರೂವರೆ ಸಾವಿರದ ಹತ್ತಿರ ದುಡಿಯುತ್ತಾರೆ. ಅವರು ಬಂದಿದ್ದು ಸಾಲದ ವಿಷಯಕ್ಕಲ್ಲ, ಜಗಳದ ವಿಷಯಕ್ಕೆ. "ಇವರು ಫೋನ್ ಬಂದ್ರೆ ಊಟ ಬಿಟ್ಟು ಟೆರೇಸ್‌ಗೆ ಹೋಗ್ತಾರೆ ಮೇಡಂ, ಯಾರು ಅಂತ ಕೇಳಿದ್ರೆ ರೇಗ್ತಾರೆ" ಅಂದರು ರತ್ನಾ. ಅವರಿಗೆ ಬೇರೆಯೇ ಅನುಮಾನ ಇತ್ತು.

ಫೋನ್ ಮಾಡುತ್ತಿದ್ದದ್ದು ಲೋನ್ ಆ್ಯಪ್‌ನವರು.

ಮುಂದಿನ ಸಲ ಬರುವಾಗ ಮನೆಯಲ್ಲಿರುವ ಎಲ್ಲ ಚೀಟಿ, ಬಿಲ್ಲು ತನ್ನಿ ಎಂದಿದ್ದೆ. ಸೀರೆ ಅಂಗಡಿಯ ಕವರ್‌ನಲ್ಲಿ ತುಂಬಿಸಿಕೊಂಡು ಬಂದರು. ಮೂರು ಕರೆಂಟ್ ಬಿಲ್ಲು, ಸ್ಕೂಲಿನ ಎರಡನೇ ಕಂತಿನ ನೋಟಿಸ್, ಗಿರವಿ ಚೀಟಿ, ಸಂಘದ ಸಾಲದ ಕಾರ್ಡು. ಕ್ರೆಡಿಟ್ ಕಾರ್ಡಿನ ಲಕೋಟೆಗಳನ್ನು ಒಡೆದೇ ಇರಲಿಲ್ಲ. ಅದರಲ್ಲಿ 48,000 ಬಾಕಿ ಇದೆ ಅಂತ ರತ್ನಾಗೆ ಗೊತ್ತಾಗಿದ್ದೇ ಅವತ್ತು. ಹಾಗಂತ ಅವರೂ ಎಲ್ಲ ಹೇಳಿರಲಿಲ್ಲ. ಸಂಘದಿಂದ ತಂದ ಮೈಕ್ರೋಫೈನಾನ್ಸ್ ಸಾಲದಲ್ಲಿ ಒಂದಿಷ್ಟು ತಂಗಿಗೆ ಕೊಟ್ಟಿದ್ದರು. ಮಂಜುಗೆ ಅದು ಹೊಸ ಸುದ್ದಿ.

ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದೆವು. ಶುರುವಾಗಿದ್ದು ಮಂಜು ಅಮ್ಮನ ಆಪರೇಷನ್‌ಗೆ ತಂದ 30,000 ಕೈಸಾಲದಿಂದ, ನೂರಕ್ಕೆ ಐದು ರೂಪಾಯಿ ಬಡ್ಡಿ. ತಿಂಗಳಿಗೆ 1,500ರಂತೆ ಹದಿನಾಲ್ಕು ತಿಂಗಳು ಕಟ್ಟಿದ್ದಾರೆ, ಅಂದರೆ 21,000 ಹೋಯಿತು, ಅಸಲು ಹಾಗೇ ಕೂತಿದೆ. ಆ ಬಡ್ಡಿ ಕಟ್ಟೋಕೆ ಆ್ಯಪ್ ಸಾಲ, ಆ್ಯಪ್ ಸಾಲಕ್ಕೆ ಕಾರ್ಡ್ ಉಜ್ಜಿದ್ದು.

ಯಾರಿಗೆ ಮೊದಲು ಕಟ್ಟುತ್ತಿದ್ದೀರಿ ಅಂತ ಕೇಳಿದೆ. ಮಂಜು ಸ್ವಲ್ಪ ಯೋಚಿಸಿ "ಜಾಸ್ತಿ ಬಯ್ಯೋರಿಗೆ" ಅಂದರು. ಇಡೀ ಪ್ರಕರಣ ಇರೋದೇ ಇಲ್ಲಿ. ಮನೆ ಓನರ್ ಒಳ್ಳೆಯವರು, ಬಯ್ಯಲ್ಲ, ಅದಕ್ಕೆ ಎರಡು ತಿಂಗಳ ಬಾಡಿಗೆ 15,000 ನಿಂತಿದೆ. ಕರೆಂಟ್ ಬಿಲ್ಲು ಮಾತಾಡಲ್ಲ, ಅದೂ 4,800 ಬಾಕಿ. ಬೇಸಿಗೆಯಲ್ಲಿ 200 ಯೂನಿಟ್ ದಾಟಿತ್ತು. ದಾಟಿದರೆ ಗೃಹಜ್ಯೋತಿ ಸಿಗಲ್ಲ, ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ಕರೆಂಟ್ ಕಿತ್ತರೆ ರತ್ನಾ ಅವರ ಹೊಲಿಗೆ ಮೆಷಿನ್ನಿನ ಮೋಟರೇ ನಿಲ್ಲುತ್ತೆ, ಅಲ್ವಾ? ಬಯ್ಯುವವರ ಬಾಯಿ ಮುಚ್ಚಿಸೋಕೆ ಹೋಗಿ ದುಡಿಮೆಗೇ ಕಲ್ಲು ಹಾಕಿಕೊಳ್ಳುತ್ತಿದ್ದರು.

ಅದಕ್ಕೇ ನಾನು ಮೊದಲು ಹೇಳಿದ್ದು ಸರದಿ ಬದಲಿಸಿ ಅಂತ. ಬಾಡಿಗೆ, ಕರೆಂಟ್, ರೇಷನ್ ಮೊದಲು, ಆಮೇಲೆ ಸ್ಕೂಲ್ ಫೀಸು. ಕರೆಂಟ್ ಕಡಿತಕ್ಕೆ 15 ದಿನದ ಲಿಖಿತ ನೋಟಿಸ್ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಆದರೆ ಅದನ್ನು ಹಿಡಿದು ವಾದಕ್ಕೆ ಹೋಗುವುದಕ್ಕಿಂತ, ಲೈನ್‌ಮನ್ ಮನೆಗೆ ಬರುವ ಮೊದಲೇ ಅರ್ಜಿ ಬರೆದುಕೊಂಡು ಹೋಗಿ ಕಂತು ಕೇಳೋದು ವಾಸಿ. ರತ್ನಾ ಹೋಗಿ ಕೇಳಿದರು, ಎರಡು ಕಂತು ಸಿಕ್ಕಿತು.

ಆಮೇಲೆ ಬಡ್ಡಿ. ಚಿನ್ನದ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 12, ಕೈಸಾಲಕ್ಕೆ 60. ಬೀರುವಿನಲ್ಲಿ ಒಂದು ಜೊತೆ ಓಲೆ-ಜುಮುಕಿ ಇದೆ ಅಂತ ಗೊತ್ತಾದಾಗ ಮಾರುವ ಮಾತು ಎತ್ತಿದೆ. ರತ್ನಾ ಮುಖ ಗಂಟಿಕ್ಕಿತು. ತವರಿನವರು ಕೊಟ್ಟಿದ್ದು. ಅದು ನಿಮ್ಮ ಸ್ತ್ರೀಧನ, ಬೇಡ ಅಂದರೆ ಯಾರೂ ಬಲವಂತ ಮಾಡೋ ಹಾಗಿಲ್ಲ, ಆದರೆ ಬೀರುವಿನಲ್ಲಿಟ್ಟ ಒಡವೆಗೆ ನೀವು ತಿಂಗಳಿಗೆ 1,500 ಕಾವಲು ಕಾಸು ಕೊಡುತ್ತಿದ್ದೀರಿ ಎಂದೆ. ವಾರ ಬಿಟ್ಟು ಅವರೇ ಮಾರಿ ಬಂದರು. ಕೈಸಾಲದ ಅಸಲು, ಬಾಕಿ ಬಾಡಿಗೆ, ಆ್ಯಪ್‌ನ 12,000 ಮೂರೂ ಅದರಲ್ಲೇ ತೀರಿತು.

ಕೈಸಾಲದವನ ಹತ್ತಿರ ಸಹಿ ಮಾಡಿದ ಖಾಲಿ ಚೆಕ್ ಇತ್ತು. ನಗದು ಕೊಡಬೇಡಿ, ಬ್ಯಾಂಕ್ ಮೂಲಕ ಹಾಕಿ, ಚೆಕ್ ಅಲ್ಲೇ ವಾಪಸ್ ಇಸ್ಕೊಳ್ಳಿ, ಲೆಕ್ಕ ಚುಕ್ತಾ ಅಂತ ಬರೆಸಿಕೊಳ್ಳಿ ಎಂದಿದ್ದೆ. ನೋಂದಣಿ ಇಲ್ಲದೆ ಸಾಲ ಕೊಟ್ಟು ಕಿರುಕುಳ ಕೊಡುವವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಹಾಕುವ ಕಾನೂನು ಕರ್ನಾಟಕದಲ್ಲಿ 2025ರಲ್ಲಿ ಬಂದಿದೆ. ಮಂಜು ಅದನ್ನು ಬಾಯಿಬಿಟ್ಟು ಹೇಳಲೇ ಇಲ್ಲ. ಚೆಕ್ ಬಂತು.

ಫೋನ್ ಕಾಟದ ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡುವ ಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಮೈಕ್ರೋಫೈನಾನ್ಸ್ ಆದರೆ 9ರಿಂದ 6. ನೆಂಟರಿಗೆ ಫೋನ್ ಮಾಡಿ ಮಾನ ಕಳೆಯೋದೂ ತಪ್ಪೇ. ಸಾಲ ಕೊಟ್ಟ ಕಂಪನಿಗೇ ಮೊದಲು ಬರೆದು ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಇದ್ದಾರೆ, ಸಹಾಯವಾಣಿ 14448. ಫೋಟೋ ತಿರುಚಿ ಹೆದರಿಸಿದರೆ ಮಾತ್ರ ಕಾಯಬೇಡಿ, ನೇರ ಸೈಬರ್ ಪೊಲೀಸ್.

ಕಾರ್ಡ್ ಬಗ್ಗೆ ಮಂಜುಗೆ ಒಂದು ಭ್ರಮೆ ಇತ್ತು, ಬಿಲ್ಲಿನಲ್ಲಿ ಬರೆದಿರುವ ಕನಿಷ್ಠ ಮೊತ್ತ, ಅಂದರೆ ಮಿನಿಮಮ್ ಡ್ಯೂ ಕಟ್ಟಿದರೆ ಸಾಕು ಅಂತ. ಅಷ್ಟೇ ಕಟ್ಟುತ್ತಾ ಹೋದರೆ ಉಳಿದದ್ದಕ್ಕೆ ತಿಂಗಳಿಗೆ ಮೂರು-ಮೂರೂವರೆ ಪರ್ಸೆಂಟ್ ಬಡ್ಡಿ ಓಡುತ್ತಲೇ ಇರುತ್ತೆ, ಹೊಸದಾಗಿ ಏನು ಕೊಂಡರೂ ಅದಕ್ಕೂ ಮೊದಲ ದಿನದಿಂದಲೇ ಬಡ್ಡಿ. ಬ್ಯಾಂಕಿಗೆ ಫೋನ್ ಮಾಡಿಸಿ ಬಾಕಿಯನ್ನು 18 ತಿಂಗಳ ಇಎಂಐ ಮಾಡಿಸಿದೆವು. ಅವರು ಸೆಟಲ್‌ಮೆಂಟ್ ಮಾಡ್ತೀವಿ, ಕಡಿಮೆ ಕಟ್ಟಿ ಅಂತಲೂ ಆಸೆ ತೋರಿಸಿದ್ದರು. ದಾರಿಯೇ ಇಲ್ಲದವರಿಗೆ ಅದು ಸರಿ, ಆದರೆ ನಮ್ಮ ಸಾಲದ ಇತಿಹಾಸ ಇಡುವ ಸಿಬಿಲ್‌ನಲ್ಲಿ "ಸೆಟಲ್ಡ್" ಅಂತ ಕೂತರೆ ಮುಂದೆ ಸಾಲ ಸಿಗೋದು ಕಷ್ಟ. ಇವರಿಗೆ ಕಟ್ಟುವ ಶಕ್ತಿ ಇತ್ತು.

ಜಗಳಕ್ಕೆ ಹೇಳಿದ್ದು ಇಷ್ಟೇ. ಸಂಬಳ ಬಂದ ಮಾರನೇ ದಿನ, ಮಕ್ಕಳು ಮಲಗಿದ ಮೇಲೆ, ಇಬ್ಬರೂ ಅದೇ ಹಾಳೆ ಹಿಡಿದು ಕೂರಬೇಕು. ಅವತ್ತು ಮಂಜು ಮುಚ್ಚಿಡೋ ಹಾಗಿಲ್ಲ, ರತ್ನಾ "ನಾನು ಆವಾಗ್ಲೇ ಹೇಳಿದ್ದೆ" ಅನ್ನೋ ಹಾಗಿಲ್ಲ. ಗೃಹಲಕ್ಷ್ಮಿಯ 2,000ವನ್ನು ಮನೆಖರ್ಚಿನ ಲೆಕ್ಕಕ್ಕೆ ಸೇರಿಸಬೇಡಿ, ಬಂದಾಗ ನೇರ ಗಿರವಿ ಬಡ್ಡಿಗೆ ಹೋಗಲಿ ಎಂದೆ.

ಎಲ್ಲ ಸಲೀಸಾಗಿ ನಡೆಯಲಿಲ್ಲ. ಮಧ್ಯದಲ್ಲಿ ಮಂಜು ಗೋಡೌನ್ ಓನರ್ ಹತ್ತಿರ 5,000 ಅಡ್ವಾನ್ಸ್ ತಗೊಂಡು ಸುಮ್ನಿದ್ದರು. ಸಂಬಳದ ಚೀಟಿಯಲ್ಲಿ ಸಿಕ್ಕಿಬಿದ್ದರು, ಎರಡು ದಿನ ಮನೆಯಲ್ಲಿ ಮಾತಿಲ್ಲ. ಆದರೂ ಮುಂದಿನ ತಿಂಗಳು ಹಾಳೆ ಹಿಡಿದು ಕೂತಿದ್ದಾರೆ. ಸ್ಕೂಲ್ ಫೀಸು ಮುಗಿದಿದೆ. ಕಾರ್ಡಿನ ಕಂತು, ಸಂಘದ ಕಂತು ಇನ್ನೂ ನಡೀತಿದೆ. ಸಂಘದವರು ಹಳೇ ಸಾಲ ಮುಗಿಯೋ ಮೊದಲೇ 60,000ದ ಹೊಸ ಸಾಲ ಕೊಡ್ತೀವಿ ಅಂದಿದ್ದಾರಂತೆ. ತಗೊಳ್ಳಲೇ ಬೇಡಿ ಎಂದಿದ್ದೇನೆ. ರತ್ನಾ ಇನ್ನೂ ಏನೂ ಹೇಳಿಲ್ಲ.