ಮೂವತ್ತೆರಡಾಗಬೇಕಿದ್ದದ್ದು ಮೂವತ್ತೊಂದಾದದ್ದೇಕೆ?

ಪ್ರಶ್ನೆ: ಅನುಗಮನ ತರ್ಕವನ್ನು, ಅಂದರೆ ಕೆಲವು ಉದಾಹರಣೆಗಳಿಂದ ಸಾಮಾನ್ಯ ನಿಯಮವನ್ನು ಊಹಿಸುವ ಬಗೆಯನ್ನು, ಪರಿಚಯಿಸಲೆಂದು ಒಂಬತ್ತನೇ ತರಗತಿಯ ಮಕ್ಕಳಿಗೆ ವೃತ್ತದ ಪರಿಧಿಯ ಮೇಲೆ ಬಿಂದುಗಳನ್ನು ಗುರುತಿಸಿ, ಪ್ರತಿ ಎರಡು ಬಿಂದುಗಳ ನಡುವೆ ಜ್ಯಾ ಎಳೆದು, ವೃತ್ತ ಎಷ್ಟು ಭಾಗಗಳಾಯಿತೆಂದು ಎಣಿಸಲು ಹೇಳಿದೆ. ಎರಡು ಬಿಂದುಗಳಿಗೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16 ಬಂದವು. ಆರಕ್ಕೆ 32 ಎಂದು ಎಲ್ಲರೂ ಎಣಿಸುವ ಮೊದಲೇ ಬರೆದಿಟ್ಟಿದ್ದರು. ಎಣಿಸಿದಾಗ ಕೆಲವರಿಗೆ 31, ಕೆಲವರಿಗೆ 30 ಬಂತು. 32 ಯಾರಿಗೂ ಬರಲಿಲ್ಲ. ತಪ್ಪಿದ್ದು ಎಣಿಕೆಯೋ, ಊಹೆಯೋ?
– ಗಣಿತ ಶಿಕ್ಷಕಿ, ಶಿರಸಿ

ಉತ್ತರ: ಎರಡೂ ಎಣಿಕೆಗಳು ಸರಿ, ತಪ್ಪಿದ್ದು ಊಹೆ. ಮಕ್ಕಳನ್ನು ಮಾತ್ರ ದೂರಬೇಡಿ. ಮೂರು ಬಾರಿ ದುಪ್ಪಟ್ಟಾದದ್ದನ್ನು ಕಂಡವರು ನಾಲ್ಕನೆಯ ಬಾರಿಯೂ ಹಾಗೆಯೇ ಆಗುತ್ತದೆಂದು ನಿರೀಕ್ಷಿಸುವುದು ಸಹಜವೇ.

ದುಪ್ಪಟ್ಟಾಗಲು ಕಾರಣವೇನೆಂದು ಕೇಳಿಕೊಂಡರೆ ಗುಟ್ಟು ಬಿಡಿಸಿಕೊಳ್ಳುತ್ತದೆ. ಹೊಸದಾಗಿ ಎಳೆದ ಜ್ಯಾ ಮೊದಲೇ ಇದ್ದ ಯಾವ ಜ್ಯಾವನ್ನೂ ದಾಟದಿದ್ದರೆ ಒಂದು ಭಾಗ ಹೆಚ್ಚುತ್ತದೆ. ಮೂರು ಜ್ಯಾಗಳನ್ನು ಬೇರೆಬೇರೆ ಕಡೆ ದಾಟಿದರೆ ಅದೇ ನಾಲ್ಕು ತುಂಡುಗಳಾಗಿ, ಪ್ರತಿ ತುಂಡೂ ಒಂದೊಂದು ಭಾಗವನ್ನು ಸೀಳುವುದರಿಂದ ನಾಲ್ಕು ಭಾಗಗಳು ಹೆಚ್ಚುತ್ತವೆ. ಆದ್ದರಿಂದ ಒಟ್ಟು ಭಾಗಗಳೆಂದರೆ ಮೊದಲಿದ್ದ ಒಂದು, ಜ್ಯಾಗಳ ಸಂಖ್ಯೆ ಮತ್ತು ಒಳಗಿನ ಛೇದನ ಬಿಂದುಗಳ ಸಂಖ್ಯೆ, ಈ ಮೂರರ ಮೊತ್ತ. ಪರಿಧಿಯ ಯಾವ ನಾಲ್ಕು ಬಿಂದುಗಳನ್ನು ಆರಿಸಿದರೂ ಅವುಗಳಿಂದಾದ ಚತುರ್ಭುಜದ ಎರಡು ಕರ್ಣಗಳು ಒಮ್ಮೆ ಮಾತ್ರ ಸಂಧಿಸುತ್ತವೆ. ಹೀಗಾಗಿ ಆರು ಬಿಂದುಗಳಿಗೆ ಜ್ಯಾಗಳು 15, ನಾಲ್ಕು ಬಿಂದುಗಳನ್ನು ಆರಿಸುವ ಬಗೆಗಳೂ 15, ಒಟ್ಟು 1 + 15 + 15 = 31. ಐದು ಬಿಂದುಗಳಲ್ಲಿ ನೀವು ಕಂಡ 16 ಕೂಡ ವಾಸ್ತವವಾಗಿ 1 + 10 + 5 ಆಗಿತ್ತು.

ಇನ್ನು 30ರ ವಿಷಯ. ಆ ಮಕ್ಕಳು ಬಹುಶಃ ಕೈವಾರವನ್ನು ತ್ರಿಜ್ಯದಷ್ಟೇ ತೆರೆದಿಟ್ಟುಕೊಂಡು ಪರಿಧಿಯನ್ನು ಆರು ಸಮಭಾಗ ಮಾಡಿರಬೇಕು. ಆಗ ಮೂರು ಉದ್ದನೆಯ ಜ್ಯಾಗಳು ವೃತ್ತಕೇಂದ್ರದಲ್ಲಿ ಒಟ್ಟಿಗೆ ಸೇರುತ್ತವೆ. ಕಣ್ಣಳತೆಯಲ್ಲಿ ಬಿಂದುಗಳನ್ನಿಟ್ಟವರ ಚಿತ್ರದಲ್ಲಿ ಸಾಮಾನ್ಯವಾಗಿ ಆ ಮೂರು ಜ್ಯಾಗಳ ನಡುವೆ ಪುಟ್ಟದೊಂದು ತ್ರಿಭುಜ ಉಳಿದಿರುತ್ತದೆ. ಅದು ಕುಗ್ಗಿ ಕುಗ್ಗಿ ಬಿಂದುವಾದರೆ ಒಂದು ಭಾಗ ಕಳೆದುಹೋಗಿ 30 ಉಳಿಯುತ್ತದೆ. ಊಹೆಯನ್ನು ಸುಳ್ಳಾಗಿಸುವ ಪ್ರತ್ಯುದಾಹರಣೆಯಾಗಿ ತರಗತಿಯಲ್ಲಿ ಮುಂದಿಡಬೇಕಾದದ್ದು 31. ಬರೀ 30 ತೋರಿಸಿದರೆ, ನೀವು ಬಿಂದುಗಳನ್ನು ವಿಶೇಷವಾಗಿ ಜೋಡಿಸಿದ್ದೀರಿ ಎಂದು ಜಾಣ ವಿದ್ಯಾರ್ಥಿಯೊಬ್ಬ ತಕರಾರು ತೆಗೆಯಬಹುದು. ಛೇದನ ಬಿಂದುಗಳು 15ನ್ನು ಮೀರುವಂತಿಲ್ಲವಾದ್ದರಿಂದ ಬಿಂದುಗಳನ್ನು ಹೇಗೆ ಇಟ್ಟರೂ 32 ಸಿಗದು ಎಂದಾಗ ಆ ತಕರಾರಿಗೆ ಎಡೆಯಿಲ್ಲ.

ಐದರವರೆಗೆ ಊಹೆ ಹೊಂದಿಕೊಂಡದ್ದಕ್ಕೂ ಕಾರಣವಿದೆ. ಪಾಸ್ಕಲನ ತ್ರಿಭುಜವೆಂದು ಪಠ್ಯಗಳಲ್ಲಿ ಕಾಣುವ, ನಮ್ಮ ಛಂದಶ್ಶಾಸ್ತ್ರದವರು ಮೇರುಪ್ರಸ್ತಾರವೆಂದು ಕರೆದ ಜೋಡಣೆಯಲ್ಲಿ ಇಡೀ ಸಾಲಿನ ಮೊತ್ತ ಸಾಲಿನಿಂದ ಸಾಲಿಗೆ ದುಪ್ಪಟ್ಟಾಗುತ್ತದೆ, ಪ್ರತಿ ಸಾಲಿನ ಮೊದಲ ಐದು ಸಂಖ್ಯೆಗಳನ್ನಷ್ಟೇ ಕೂಡಿದರೆ ಈ ಭಾಗಗಳ ಸಂಖ್ಯೆ ಬರುತ್ತದೆ. ಐದು ಬಿಂದುಗಳಿಗೆ ಹೊಂದುವ 1, 4, 6, 4, 1 ಎಂಬ ಸಾಲು ಐದರಲ್ಲೇ ಮುಗಿಯುತ್ತದೆ. ಆರು ಬಿಂದುಗಳ 1, 5, 10, 10, 5, 1 ಎಂಬ ಸಾಲಿನಲ್ಲಿ ಕೊನೆಯ ಒಂದು ಹೊರಗುಳಿಯುತ್ತದೆ. ಮಕ್ಕಳಿಗೆ ಕಾಣದೆಹೋದದ್ದು ಆ ಒಂದೇ. ಏಳಕ್ಕೆ 57 ಬರುತ್ತದೆ. ಹತ್ತು ಬಿಂದುಗಳಿಗೆ 256 ಬಂದಾಗ ಊಹೆ ಮರಳಿ ಜೀವ ಪಡೆಯಿತೆಂದು ತೋರಬಹುದು, ಆದರೆ ಊಹೆಯ ಪ್ರಕಾರ ಅಲ್ಲಿ 512 ಬರಬೇಕಿತ್ತು.

ಪ್ರಶ್ನೆ: ಚತುರ್ಭುಜದ ಅರ್ಧಸುತ್ತಳತೆಯಿಂದ ನಾಲ್ಕು ಬಾಹುಗಳನ್ನು ಒಂದೊಂದಾಗಿ ಕಳೆದು, ಬಂದ ನಾಲ್ಕು ಸಂಖ್ಯೆಗಳನ್ನು ಗುಣಿಸಿ ವರ್ಗಮೂಲ ತೆಗೆದರೆ ವಿಸ್ತೀರ್ಣ ಸಿಗುತ್ತದೆ. ಚೌಕ, ಹಲವು ಆಯತ, ಹಲವು ಸಮದ್ವಿಬಾಹು ತ್ರಾಪಿಜ್ಯಗಳಲ್ಲಿ ಪರೀಕ್ಷಿಸಿದ್ದೇನೆ, ಎಲ್ಲಿಯೂ ತಪ್ಪಲಿಲ್ಲ. ಇದನ್ನು ನಿಯಮವೆನ್ನಬಹುದೇ?
– ಓದುಗರು, ಧಾರವಾಡ

ಉತ್ತರ: ನೀವು ಆರಿಸಿಕೊಂಡ ಆಕೃತಿಗಳೆಲ್ಲ ಒಂದೇ ಬಳಗದವು: ಅವುಗಳ ನಾಲ್ಕು ಶೃಂಗಗಳೂ ಒಂದು ವೃತ್ತದ ಮೇಲೆ ಕೂರುತ್ತವೆ. ಅಂಥ ಚಕ್ರೀಯ ಚತುರ್ಭುಜಗಳಿಗೆ ಈ ಸೂತ್ರ ನಿಜ, ಎಲ್ಲ ಚತುರ್ಭುಜಗಳಿಗಲ್ಲ. ಹತ್ತು ಸೆಂಟಿಮೀಟರಿನ ನಾಲ್ಕು ಕಡ್ಡಿಗಳನ್ನು ಮೂಲೆಗಳಲ್ಲಿ ಸಡಿಲವಾಗಿ ಕಟ್ಟಿ ಚೌಕ ಮಾಡಿ, ಒಂದು ಮೂಲೆಯ ಕೋನ 30 ಡಿಗ್ರಿ ಆಗುವವರೆಗೆ ತಳ್ಳಿ. ಬಾಹುಗಳು ಬದಲಾಗಿಲ್ಲವಾದ್ದರಿಂದ ಸೂತ್ರ 100 ಚದರ ಸೆಂಟಿಮೀಟರ್ ಎಂದೇ ಹೇಳುತ್ತದೆ, ವಿಸ್ತೀರ್ಣವಾದರೋ 50ಕ್ಕೆ ಇಳಿದಿರುತ್ತದೆ.

ಈ ತೊಡಕು ಹಳೆಯದು. ಬ್ರಹ್ಮಗುಪ್ತ 628ರಲ್ಲಿ ಈ ಸೂತ್ರವನ್ನು ಕೊಟ್ಟಾಗ ಚಕ್ರೀಯವೆಂಬ ನಿಬಂಧನೆಯನ್ನು ಬಿಡಿಸಿ ಹೇಳಿರಲಿಲ್ಲ. 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯರು ಭೂಮಿ (ಕೆಳಬಾಹು) 14, ಮುಖ (ಮೇಲ್ಬಾಹು) 9, ಬದಿಗಳು 13 ಮತ್ತು 12, ಲಂಬ (ಎತ್ತರ) 12 ಇರುವ ಚತುರ್ಭುಜವನ್ನು ಎತ್ತಿಕೊಂಡರು. ಸೂತ್ರದಂತೆ 19800ರ ವರ್ಗಮೂಲ, ಅಂದರೆ 141ಕ್ಕೆ ತುಸು ಕಡಿಮೆ. ನಿಜವಾದ ವಿಸ್ತೀರ್ಣ 138. ಕರ್ಣವನ್ನಾಗಲಿ ಲಂಬವನ್ನಾಗಲಿ ಹೇಳದೆ ಚತುರ್ಭುಜದ ವಿಸ್ತೀರ್ಣ ಕೇಳುವವನು ಪಿಶಾಚಿ, ಅದಕ್ಕೆ ಉತ್ತರ ಕೊಡಹೊರಟವನು ಅವನಿಗಿಂತ ದೊಡ್ಡ ಪಿಶಾಚಿ ಎಂದು ಅವರು ಗದರಿದ್ದು ಇದೇ ಸಂದರ್ಭದಲ್ಲಿ. ಅವರದೂ ತ್ರಾಪಿಜ್ಯವೇ, ಆದರೆ ಅದರ ಒಂದು ಬದಿ ನೆಟ್ಟಗೆ ನಿಂತಿದೆ, ಇನ್ನೊಂದು ವಾಲಿದೆ. ನಿಮ್ಮ ತ್ರಾಪಿಜ್ಯಗಳಲ್ಲಿ ಒಂದರ ಬದಿಗಳಾದರೂ ಹೀಗೆ ಅಸಮವಾಗಿದ್ದಿದ್ದರೆ ಲೆಕ್ಕ ಅಲ್ಲಿಯೇ ತಪ್ಪುತ್ತಿತ್ತು.