ಇಂಟರ್ನಲ್ಸ್‌ನಲ್ಲಿ ಹೋದ ಎರಡು ಅಂಕ

ಪ್ರಶ್ನೆ: ನನ್ನ ಮಗಳು ಬೆಂಗಳೂರಿನಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ವ್ಯಾಪ್ತಿಯ ಕಾಲೇಜೊಂದರಲ್ಲಿ 2022ರ ಸ್ಕೀಮ್‌ನಲ್ಲಿ ಬಿ.ಇ. ಓದುತ್ತಿದ್ದಾಳೆ. ನಾಲ್ಕು ಕ್ರೆಡಿಟ್‌ನ ಒಂದು ವಿಷಯದಲ್ಲಿ ಅವಳಿಗೆ ಸೆಮಿಸ್ಟರ್ ಪರೀಕ್ಷೆಯಲ್ಲಿ 50ಕ್ಕೆ 39, ಇಂಟರ್ನಲ್ಸ್‌ನಲ್ಲಿ (ಕಾಲೇಜೇ ಕೊಡುವ ಅಂಕ) 29 ಬಂದು ಬಿ ಪ್ಲಸ್ ಆಗಿದೆ. ಅವಳ ಗೆಳತಿಗೆ ಪರೀಕ್ಷೆಯಲ್ಲಿ 33 ಬಂದಿದ್ದರೂ ಇಂಟರ್ನಲ್ಸ್ 47 ಇದ್ದುದರಿಂದ ಎ ಪ್ಲಸ್ ಸಿಕ್ಕಿದೆ. ಮಗಳು ಜ್ವರದಿಂದಾಗಿ ಒಂದು ಅಸೈನ್‌ಮೆಂಟನ್ನು ಒಂದು ದಿನ ತಡವಾಗಿ ಕೊಟ್ಟಿದ್ದಕ್ಕೆ ಸೊನ್ನೆ ಹಾಕಿದ್ದಾರೆ. ಇದು ಯಾವ ನ್ಯಾಯ? ಈಗೇನಾದರೂ ಮಾಡಬಹುದೇ?
— ತಾಯಿ, ರಾಜಾಜಿನಗರ

ಉತ್ತರ: ಮೊದಲು ಲೆಕ್ಕ ನೋಡೋಣ. ನಿಮ್ಮ ಮಗಳ ಒಟ್ಟು ಅಂಕ 68. ಅರವತ್ತರಿಂದ 69ರವರೆಗೆ ಬಿ ಪ್ಲಸ್, ಅದಕ್ಕೆ 7 ಪಾಯಿಂಟ್. 70 ಮುಟ್ಟಿದರೆ ಎ, 8 ಪಾಯಿಂಟ್. 80 ಮುಟ್ಟಿದರೆ ಎ ಪ್ಲಸ್, 9 ಪಾಯಿಂಟ್. ಗೆಳತಿ ಸರಿಯಾಗಿ 80ರ ಗೆರೆಯ ಮೇಲೆ ನಿಂತಿದ್ದಾಳೆ, ನಿಮ್ಮ ಮಗಳು 70ಕ್ಕೆ ಎರಡು ಅಂಕ ಕಡಿಮೆಯಾಗಿ ಈಚೆಗೇ ಉಳಿದಿದ್ದಾಳೆ. ಎರಡು ಪಾಯಿಂಟ್‌ಗಳ ಈ ಅಂತರವನ್ನು ವಿಷಯದ ತೂಕವಾದ ನಾಲ್ಕು ಕ್ರೆಡಿಟ್‌ನಿಂದ ಗುಣಿಸಿ, ಸೆಮಿಸ್ಟರ್‌ಗೆ ಒಟ್ಟು 20 ಕ್ರೆಡಿಟ್ ಇದ್ದರೆ ಅದರಿಂದ ಭಾಗಿಸಿದಾಗ, ಎಸ್‌ಜಿಪಿಎಯಲ್ಲಿ (ಸೆಮಿಸ್ಟರಿನ ಸರಾಸರಿ ಪಾಯಿಂಟ್) 0.4ರ ವ್ಯತ್ಯಾಸ ಬೀಳುತ್ತದೆ. ಒಂದೇ ವಿಷಯಕ್ಕೆ ಇದು ಸಣ್ಣದಲ್ಲ.

ಇಂಟರ್ನಲ್ಸ್‌ನ 50ರಲ್ಲಿ, ಪ್ರಯೋಗಾಲಯವಿಲ್ಲದ ವಿಷಯಗಳಲ್ಲಿ, 25 ಟೆಸ್ಟ್‌ಗಳಿಗೆ, 25 ಅಸೈನ್‌ಮೆಂಟ್‌ಗಳಿಗೆ ಮೀಸಲು. ಬರೆದು ಮುಗಿಸಿದ ಕೆಲಸಕ್ಕೆ ಸೊನ್ನೆ ಹಾಕಿದರೆ ಅದು ವಿದ್ಯಾರ್ಥಿಗೆ ಏನು ಗೊತ್ತಿದೆ ಎಂಬುದನ್ನು ಹೇಳುವುದಿಲ್ಲ, ಯಾವ ದಿನ ತಂದುಕೊಟ್ಟಳು ಎಂಬುದನ್ನಷ್ಟೇ ಹೇಳುತ್ತದೆ. ಆದರೆ ಅಂಕಪಟ್ಟಿಯಲ್ಲಿ ಎರಡೂ ಒಂದೇ ಸಂಖ್ಯೆಯೊಳಗೆ ಸೇರಿಹೋಗುತ್ತವೆ. ತಡಮಾಡಿದ್ದಕ್ಕೆ ದಿನಕ್ಕಿಷ್ಟು ಎಂದು ಅಂಕ ಕಡಿಯುವುದನ್ನು ಒಪ್ಪಬಹುದು, ಪೂರ್ತಿ ಸೊನ್ನೆಯನ್ನು ನಾನು ಒಪ್ಪುವುದಿಲ್ಲ. ಆ ಅಸೈನ್‌ಮೆಂಟಿಗೆ ಎರಡೇ ಎರಡು ಅಂಕ ಕೊಟ್ಟಿದ್ದರೂ ಮಗಳಿಗೆ ಎ ಬರುತ್ತಿತ್ತು. ಗೆಳತಿಯ 47ರ ಬಗ್ಗೆ ಮಾತ್ರ ಅನುಮಾನ ಬೇಡ, ಅದು ಅವಳು ಹೊತ್ತಿಗೆ ಸರಿಯಾಗಿ ಮಾಡಿದ ಕೆಲಸದ ಫಲವಿರಬಹುದು. ಇಂಟರ್ನಲ್ಸನ್ನು ಪ್ರಸಾದ ಹಂಚಿದಂತೆ ಹಂಚುವ ವಿಭಾಗಗಳೂ ಇವೆ ಎನ್ನುವುದು ಬೇರೆ ಮಾತು. ಸೆಮಿಸ್ಟರ್ ಪರೀಕ್ಷೆಯಲ್ಲಿ ಪ್ರತ್ಯೇಕವಾಗಿ 50ಕ್ಕೆ ಕನಿಷ್ಠ 18 ಬರಲೇಬೇಕೆಂಬ ನಿಯಮ ಇರುವುದರಿಂದ ಇಂಟರ್ನಲ್ಸ್‌ನ ಬಲವೊಂದರಿಂದಲೇ ಯಾರೂ ಪಾಸಾಗಲಾರರು.

ಅಂಕ ಹಾಕುವವರ ಕೈಯೂ ಸದಾ ಒಂದೇ ಹದದಲ್ಲಿ ಇರುವುದಿಲ್ಲ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಒಂದು ರಾತ್ರಿ ಟೆಸ್ಟಿನ ಉತ್ತರ ಬರೆದ ಅರವತ್ತು ಬ್ಲೂ ಬುಕ್‌ಗಳನ್ನು ತಿದ್ದಿ ಮುಗಿಸಿ, ಸುಮ್ಮನೆ ಮೊದಲ ಹತ್ತನ್ನು ಮತ್ತೆ ತೆರೆದಾಗ, ಒಂದೇ ಚಿತ್ರದಲ್ಲಿ ಬಾಣದ ಗುರುತು ಬಿಟ್ಟದ್ದಕ್ಕೆ ಮೊದಲಿನವರಿಗೆ ಒಂದು ಅಂಕ ಕಡಿದಿದ್ದೆ, ಕೊನೆಯವರಿಗೆ ಏನೂ ಕಡಿದಿರಲಿಲ್ಲ. ಅಂದಿನಿಂದ ಒಬ್ಬೊಬ್ಬರ ಪುಸ್ತಕವನ್ನು ಪೂರ್ತಿ ತಿದ್ದುವುದನ್ನು ಬಿಟ್ಟು, ಎಲ್ಲರ ಮೊದಲ ಪ್ರಶ್ನೆ, ಆಮೇಲೆ ಎಲ್ಲರ ಎರಡನೆಯ ಪ್ರಶ್ನೆ ಎಂದು ತಿದ್ದತೊಡಗಿದೆ. ಆದ್ದರಿಂದ ಬ್ಲೂ ಬುಕ್ ಕೈಗೆ ಕೊಟ್ಟ ದಿನವೇ ಅದನ್ನು ಕೂಲಂಕಷವಾಗಿ ನೋಡಿ, ಸಂದೇಹವಿದ್ದರೆ ಅಲ್ಲೇ ವಿನಯದಿಂದ ಕೇಳುವುದನ್ನು ಮಗಳು ರೂಢಿಸಿಕೊಳ್ಳಲಿ. ಇಂಟರ್ನಲ್ಸ್ ಅಂಕ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಅದನ್ನು ಬದಲಿಸುವುದು ಬಹಳ ಕಷ್ಟ. ಮರುಮೌಲ್ಯಮಾಪನ ಇರುವುದು ಸೆಮಿಸ್ಟರ್ ಪರೀಕ್ಷೆಯ ಉತ್ತರಪತ್ರಿಕೆಗೆ ಮಾತ್ರ.

ನಿಮಗೆ ಉಳಿದಿರುವ ದಾರಿಯೂ ಅದೇ. ಪರೀಕ್ಷೆಯನ್ನು 100 ಅಂಕಗಳಿಗೆ ನಡೆಸಿ 50ಕ್ಕೆ ಇಳಿಸುವುದರಿಂದ, ನಿಮಗೆ ಬೇಕಾದ ಎರಡು ಅಂಕಗಳೆಂದರೆ ಉತ್ತರಪತ್ರಿಕೆಯಲ್ಲಿ ಸುಮಾರು ನಾಲ್ಕು, ಅಂದರೆ ಒಂದು ಉಪಪ್ರಶ್ನೆಯ ಬೆಲೆಗಿಂತ ಕಡಿಮೆ. ಮೊದಲು ಛಾಯಾಪ್ರತಿ ತರಿಸಿಕೊಂಡು, ಅಂಕ ಹಾಕದೆ ಬಿಟ್ಟ ಉತ್ತರವಿದೆಯೇ, ಕೂಡಿಸುವುದರಲ್ಲಿ ತಪ್ಪಿದೆಯೇ ಎಂದು ವಿಷಯ ಬಲ್ಲವರ ಜೊತೆ ಕೂತು ನೋಡಿ. ಏನಾದರೂ ಕಂಡರೆ ಮಾತ್ರ ಮರುಮೌಲ್ಯಮಾಪನಕ್ಕೆ ಶುಲ್ಕ ಕಟ್ಟಿ. ಅರ್ಜಿಯ ಗಡುವು ಫಲಿತಾಂಶದ ಬೆನ್ನಲ್ಲೇ ಮುಗಿಯುತ್ತದೆ, ತಡಮಾಡಬೇಡಿ. ತಿದ್ದಿದ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷಾರ್ಥಿಗೆ ಮಾಹಿತಿ ಹಕ್ಕು ಕಾಯ್ದೆಯಡಿ ಇದೆಯೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಹಾಗಾಗಿ ಕೇಳಲು ಸಂಕೋಚ ಬೇಡ.

ಪ್ರಶ್ನೆ: ಪರೀಕ್ಷೆಗಳನ್ನು ತಾನೇ ನಡೆಸುವ ಸ್ವಾಯತ್ತ ಕಾಲೇಜಿನಲ್ಲಿರುವ ನನ್ನ ಮಗನಿಗೆ 71 ಅಂಕಕ್ಕೆ ಬಿ ಬಂದಿದೆ. ಬೇರೆ ಕಾಲೇಜಿನಲ್ಲಿ ಓದುವ ಪಕ್ಕದ ಮನೆಯ ಹುಡುಗನಿಗೆ ಅದೇ 71ಕ್ಕೆ ಎ. ಹೀಗೂ ಆಗುತ್ತದೆಯೇ?
— ತಂದೆ, ಜಯನಗರ

ಉತ್ತರ: ಆಗುತ್ತದೆ. ಕೆಲವು ಸ್ವಾಯತ್ತ ಕಾಲೇಜುಗಳಲ್ಲಿ ಗ್ರೇಡಿನ ಗೆರೆ ಮೊದಲೇ ನಿಗದಿಯಾಗಿರುವುದಿಲ್ಲ. ಇಡೀ ತರಗತಿಯ ಸರಾಸರಿ ಎಷ್ಟು, ಅಂಕಗಳು ಅದರಿಂದ ಎಷ್ಟು ದೂರ ಚದುರಿವೆ ಎಂಬುದನ್ನು ನೋಡಿ ಗೆರೆ ಎಳೆಯುತ್ತಾರೆ. ಪ್ರಶ್ನೆಪತ್ರಿಕೆ ಸುಲಭವಾಗಿದ್ದು ಸರಾಸರಿಯೇ 72 ಆಗಿದ್ದರೆ 71 ಸಾಧಾರಣ ಅಂಕವೆನಿಸುತ್ತದೆ. ಅರವತ್ತೆಪ್ಪತ್ತು ಮಂದಿ ಇರುವ ತರಗತಿಗೆ ಈ ಪದ್ಧತಿ ಹೊಂದುತ್ತದೆ. ಹತ್ತು ಹನ್ನೆರಡು ಮಂದಿ ಮಾತ್ರ ಆಯ್ದುಕೊಂಡ ಐಚ್ಛಿಕ ವಿಷಯಕ್ಕೂ ಇದನ್ನೇ ಹಚ್ಚಿದ್ದರೆ, ಕಾಲೇಜಿನ ನಿಯಮಾವಳಿಯಲ್ಲಿ ಸಣ್ಣ ತರಗತಿಗಳಿಗೆ ಬೇರೆ ಕ್ರಮ ಇದೆಯೇ ಎಂದು ವಿಭಾಗದ ಮುಖ್ಯಸ್ಥರನ್ನು ಬರಹದಲ್ಲಿ ಕೇಳಿ.